ನಾನೇ ಟೈಪ್ ಮಾಡಿದ ನಂಬರು

ಆ ನಂಬರನ್ನು ನಮ್ಮ ಊರಿನಲ್ಲಿ ಮೊದಲು ಟೈಪ್ ಮಾಡಿದವನು ನಾನೇ. ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ. ಕನ್ನಡಕ ಇಲ್ಲದವರಿಗೂ ಕಾಣಬೇಕು ಎಂದು ಹೂವಿನ ಅಕ್ಕ ಹೇಳಿದ್ದರಿಂದ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿ, ಒಂದು ಹಾಳೆಗೆ ನಾಲ್ಕು ಬರುವಂತೆ ಹತ್ತು ಹಾಳೆ ಪ್ರಿಂಟ್ ತೆಗೆದು ಕತ್ತರಿಸಿ ಕೊಟ್ಟೆ. ನಂಬರಿನ ಕೆಳಗೆ ಒಂದು ಸಾಲು: "ಈ ಟಿಕೆಟ್ ಯಾರ ಬಳಿ ಇದೆಯೋ ಅವರು ತಕ್ಷಣ ತಿಳಿಸುವುದು."

"ಯಾರಿಗೆ ತಿಳಿಸುವುದು ಅಂತ ಹಾಕ್ಲಿ ಅಕ್ಕ?"

"ನಂಗೇ ಕಣಪ್ಪ, ಇನ್ಯಾರ್ಗೆ? ಬಸ್ ಮಾಡ್ಸಿದ್ದು ಯಾರು?"

ನಮ್ಮ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕು ಇವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಾಲ್ಕು ಕಡೆಯೂ ತಾಲ್ಲೂಕು ಕಚೇರಿಯ ಎದುರು ನನ್ನಂಥವರು ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಕಟ್ಟು ಬಿಳಿ ಹಾಳೆ ಇಟ್ಟುಕೊಂಡು ಕೂತಿರುತ್ತೇವೆ. ನಾನು ಕೂರುವುದು ಯಾವ ಊರಿನಲ್ಲಿ ಎಂದು ಬರೆಯುವುದಿಲ್ಲ. ಮೊತ್ತ ಎಷ್ಟು ಎಂದೂ ಬರೆಯುವುದಿಲ್ಲ. ಉಳಿದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೂವಿನ ಅಕ್ಕ ಕಚೇರಿ ಗೇಟಿನ ಪಕ್ಕ ಹೂ ಮಾರುವವರು. ಅರವತ್ತು ದಾಟಿದೆ. ಮಹಿಳಾ ಸಂಘಕ್ಕೆ ಅವರೇ ಮುಂದಾಳು. ವರ್ಷಕ್ಕೊಮ್ಮೆ ನಲವತ್ತು ಹೆಂಗಸರನ್ನು ಕೂಡಿಸಿ ಒಂದು ಬಸ್ಸು ಮಾಡಿಸುತ್ತಾರೆ. ಈ ಸಲ ಕೇರಳದ ಒಂದು ದೇವಿ ದೇವಸ್ಥಾನಕ್ಕೆ ಹೋಗಿದ್ದರು. ನನ್ನ ಹೆಂಡತಿಯೂ ಹೋಗಿದ್ದಳು. ಬಸ್ ಇಳಿಯುವ ಜಾಗದಲ್ಲಿ ಒಬ್ಬ ಲಾಟರಿ ಟಿಕೆಟ್ ಮಾರುತ್ತಿದ್ದ. ನಮ್ಮ ರಾಜ್ಯದಲ್ಲಿ ಲಾಟರಿ ನಿಂತು ಎಷ್ಟೋ ವರ್ಷವಾಗಿದೆ. ಹಾಗಾಗಿ ಹೆಂಗಸರಿಗೆ ಅದೊಂದು ತಮಾಷೆ. ಹತ್ತು ಹನ್ನೆರಡು ಜನ ಒಬ್ಬರ ಹಿಂದೆ ಒಬ್ಬರು ಬಂಪರ್ ಟಿಕೆಟ್ ಕೊಂಡರು. ಅಕ್ಕ ಎಲ್ಲರ ಫೋನ್ ನಂಬರನ್ನೂ ಇಸಿದುಕೊಳ್ಳುವವರು, ಅವನದನ್ನೂ ಇಸಿದುಕೊಂಡು ತಮ್ಮದನ್ನೂ ಕೊಟ್ಟಿದ್ದರು.

ಬಂದ ಒಂಬತ್ತನೇ ದಿನ ನನ್ನ ಹೆಂಡತಿ ಬೆಳಗ್ಗೆ ಪಾತ್ರೆ ತೊಳೆಯುತ್ತಾ ತಲೆ ನೋಯುತ್ತಿದೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳಿದರು. ನಾನು ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಹದಿಮೂರನೇ ದಿನ ಬಂದು ಮೇಜಿನ ಮುಂದೆ ಕೂತೆ. ಮನೆಯಲ್ಲಿ ಕೂರಲು ಆಗಲಿಲ್ಲ, ಅಷ್ಟೇ.

ಡ್ರಾ ಆಗಿದ್ದು ಅದಾದ ಮೇಲೆ. ಟಿಕೆಟ್ ಮಾರಿದವನು ಅಕ್ಕನಿಗೆ ಫೋನ್ ಮಾಡಿದ. ಮೊದಲ ಬಹುಮಾನ ಬಂದಿರುವುದು ಅವನು ಮಾರಿದ ಟಿಕೆಟ್ಟಿಗೆ, ಅದೂ ನಮ್ಮ ಬಸ್ಸಿನ ಹೆಂಗಸರು ಕೊಂಡ ಸಾಲಿನಲ್ಲಿ. ಯಾರು ಎಂದು ಅವನಿಗೆ ಗೊತ್ತಿಲ್ಲ. ಅಕ್ಕನೂ ಗೊತ್ತಿಲ್ಲ ಎಂದರು. ಅದಕ್ಕೇ ನನ್ನ ಹತ್ತಿರ ನಲವತ್ತು ಚೀಟಿ ಮಾಡಿಸಿದ್ದು.

ಚೀಟಿ ಇಸಿದುಕೊಳ್ಳುವಾಗ ಅಕ್ಕ ದನಿ ತಗ್ಗಿಸಿದರು. "ನಿಮ್ಮವಳೂ ಒಂದು ತಗೊಂಡಿದ್ಲು ಕಣಪ್ಪ. ಒಂದ್ಸಲ ಹುಡ್ಕು."

ಹುಡುಕಿದೆ. ಪರ್ಸು, ಬ್ಯಾಗು, ಬೀರು, ದೇವರ ಪಟದ ಹಿಂದೆ. ಸೀರೆಗಳನ್ನು ಆಗಲೇ ತ್ಯಾಮಗೊಂಡ್ಲು ಹತ್ತಿರದ ಅವಳ ತವರಿನವರಿಗೆ ಕೊಟ್ಟಾಗಿತ್ತು. ಮಾರನೇ ದಿನ ಅಕ್ಕನಿಗೆ ಇಲ್ಲ ಎಂದೆ. ಆ ಮಾತು ಹೇಳಿದಾಗ ನಿಜವೇ ಆಗಿತ್ತು.

ಎರಡು ವಾರ ಕಳೆದಿರಬೇಕು. ದಿನವೂ ಬೆಳಗ್ಗೆ ಅವಳ ಫೋಟೋಗೆ ಕುಂಕುಮ ಇಡುತ್ತಿದ್ದೆ. ಅವಳೇ ಆ ದೇವಸ್ಥಾನದಿಂದ ತಂದ ಕುಂಕುಮ, ನಾಲ್ಕು ಮಡಿಕೆಯ ಪೊಟ್ಟಣ. ಹೊರಗೆ ಮಲಯಾಳಂ ಅಕ್ಷರ ಇದ್ದುದರಿಂದ ದೇವಸ್ಥಾನದವರೇ ಕಟ್ಟಿಕೊಟ್ಟ ಕಾಗದ ಎಂದುಕೊಂಡಿದ್ದೆ. ಅವತ್ತು ಕುಂಕುಮ ತಳ ಕಂಡಿತ್ತು. ಮೂಲೆಯಲ್ಲಿ ಉಳಿದದ್ದನ್ನು ಒಟ್ಟುಮಾಡಲು ಕಾಗದವನ್ನು ಪೂರ್ತಿ ಬಿಚ್ಚಿದೆ. ಒಳಗಡೆ ಬಣ್ಣದ ಚಿತ್ರ. ಅದರ ಮೇಲೆ, ಕೆಂಪಿನ ಕೆಳಗೆ, ನಾನು ಟೈಪ್ ಮಾಡಿದ ನಂಬರು.

ದರ್ಶನ ಆದಮೇಲೆ ಕೈಗೆ ಕುಂಕುಮ ಹಾಕಿದ್ದಾರೆ. ಕಟ್ಟಿಕೊಳ್ಳಲು ಏನೂ ಇಲ್ಲ. ಪರ್ಸಿನಲ್ಲಿ ಸಿಕ್ಕ ಕಾಗದದಲ್ಲಿ ಕಟ್ಟಿದ್ದಾಳೆ. ಪ್ರಸಾದ ಚೆಲ್ಲಬಾರದು ಎಂಬುದು ಅವಳಿಗೆ ಮುಖ್ಯ.

ನಾನು ಖುಷಿಪಟ್ಟೆನೇ ಎಂದು ಮಗಳು ಆಮೇಲೆ ಕೇಳಿದಳು. ಇಲ್ಲ. ಬೆರಳಿನಲ್ಲಿದ್ದ ಕುಂಕುಮವನ್ನು ಫೋಟೋಗೆ ಇಡಬೇಕೋ, ವಾಪಸ್ ಕಾಗದಕ್ಕೆ ಹಾಕಬೇಕೋ ಎಂದು ತಿಳಿಯದೆ ನಿಂತಿದ್ದೆ. ಕೊನೆಗೆ ಫೋಟೋಗೆ ಇಟ್ಟೆ. ಕಾಗದವನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಅವಳ ಮರಣ ಪ್ರಮಾಣಪತ್ರ ಇದ್ದ ಫೈಲಿನಲ್ಲಿಟ್ಟು ಕೆಲಸಕ್ಕೆ ಹೋದೆ.

ಅವತ್ತಿನ ಕೆಲಸ ನೆನಪಿದೆ. ಎರಡು ಆದಾಯ ಪ್ರಮಾಣಪತ್ರದ ಅರ್ಜಿ, ಒಂದು ಬಾಡಿಗೆ ಕರಾರು, ಪಹಣಿ ತಿದ್ದುಪಡಿ ಒಂದು. ಸುತ್ತಲೂ ಅದೇ ಮಾತು. ಕಚೇರಿಗೆ ಬಂದವರು, ಟೀ ಕುಡಿಯಲು ನಿಂತವರು, ಎಲ್ಲರಿಗೂ ಬಸ್ಸಿನ ಲಾಟರಿಯೇ.

"ಗುರು, ಆ ಟೈಲರಮ್ಮಂಗೇ ಬಂದಿರೋದು. ನೋಡು, ಎರಡು ದಿನದಿಂದ ಅಂಗಡಿ ತೆಗ್ದಿಲ್ಲ."

"ಲೇ, ಅವಳಿಗೆ ಚಿಕೂನ್‌ಗುನ್ಯಾ ಕಣೋ."

"ಅದೇ ಹೇಳೋದು. ದುಡ್ಡು ಬಂದ್ರೆ ಹಿಂದೇನೇ ಏನಾದ್ರೂ ಒಂದು ಬರುತ್ತೆ. ಕೊಡೋನು ಒಂದ್ ಕೈಲಿ ಕೊಡ್ತಾನೆ, ಇನ್ನೊಂದ್ ಕೈಲಿ ಕಿತ್ಕೋತಾನೆ."

ನಾನು ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಈ ಮಾತು ನಾಳೆ ಯಾರ ಬಗ್ಗೆ ಆಗುತ್ತದೆ ಎಂದು ಆಗಲೇ ಗೊತ್ತಾಗಿತ್ತು. ಹೆಂಡತಿ ಸತ್ತಳು, ಲಾಟರಿ ಹೊಡೆಯಿತು. ಇಷ್ಟೇ ಉಳಿಯುತ್ತದೆ. ಮದುವೆ ಮನೆಯಲ್ಲಿ, ಟೀ ಅಂಗಡಿಯಲ್ಲಿ, ನಾನು ಸಾಯುವವರೆಗೆ ಜನ ಅದನ್ನೇ ಹೇಳಿಕೊಂಡು ನಗುತ್ತಾರೆ. ಅವಳ ಸಾವನ್ನು ಯಾರದೋ ತಮಾಷೆಗೆ ಕೊಡಬಾರದು ಎನ್ನುವುದೊಂದೇ ಆಗ ನನಗೆ ಸ್ಪಷ್ಟವಿತ್ತು. ಬೇರೆ ಯಾವುದೂ ಸ್ಪಷ್ಟವಿರಲಿಲ್ಲ.

ನಾನು ಕೂರುವುದು ಒಬ್ಬ ವಕೀಲರ ಆಫೀಸಿನ ಜಗಲಿಯಲ್ಲಿ. ಅವರು ನೋಟರಿಯೂ ಹೌದು. ನಾಲ್ಕು ದಿನ ತಡೆದು, ಐದನೇ ದಿನ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಇಷ್ಟು ವರ್ಷದಲ್ಲಿ ನಾನು ಆ ಬಾಗಿಲು ಮುಚ್ಚಿದ್ದು ಅದೇ ಮೊದಲು. ಅವರು ಟಿಕೆಟ್ಟನ್ನು ಕವರಿನಿಂದ ತೆಗೆಯದೆ ಎರಡೂ ಕಡೆ ನೋಡಿದರು.

"ಹಿಂದ್ಗಡೆ ಹೆಸರು ಬರೆದಿಲ್ವಲ್ಲಯ್ಯಾ."

"ಇಲ್ಲ ಸಾರ್."

"ಮತ್ತೇನು ಯೋಚ್ನೆ? ನಿನ್ ಹೆಸರು ಬರ್ದು ಸೈನ್ ಹಾಕು. ಯಾರ ಕೈಲಿ ಇರುತ್ತೋ ಅವರದ್ದೇ ಟಿಕೆಟ್ಟು. ಹೊರ ರಾಜ್ಯದವರು ಅಲ್ಲಿಗೆ ಯಾಕೆ ಹೋಗಿದ್ರು, ಯಾವತ್ತು ತಗೊಂಡ್ರು ಅಂತ ಒಂದು ಅಫಿಡವಿಟ್ ಕೇಳ್ತಾರೆ. ಅದನ್ನ ನೀನು ನಿದ್ದೇಲೂ ಟೈಪ್ ಮಾಡ್ತೀಯ."

"ತಗೊಂಡಿದ್ದು ಅವಳು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವಳ ಹೆಸರಲ್ಲಿ ಹೋದ್ರೆ ವಾರಸುದಾರಿಕೆ ಪ್ರಶ್ನೆ. ಕುಟುಂಬ ಸದಸ್ಯರ ದೃಢೀಕರಣ ಬೇಕು, ನಾಡಕಚೇರಿಗೆ ಅರ್ಜಿ, ಗ್ರಾಮ ಆಡಳಿತಾಧಿಕಾರಿ ಮನೆ ಹತ್ರ ಬರೋದು, ಅಕ್ಕಪಕ್ಕದೋರು ಸೈನ್ ಹಾಕೋದು. ಯಾರಿಗೂ ಗೊತ್ತಾಗ್ಬಾರ್ದು ಅಂತೀಯ. ಹಂಗಿದ್ರೆ ಸುಳ್ಳೇ ಸುಲಭ ಕಣಯ್ಯಾ. ನಿಜಕ್ಕೆ ಸಾಕ್ಷಿ ಬೇಕು."

ಅವರು ಕೆಟ್ಟವರಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಡ್ರಾ ಆದ ಮೂವತ್ತು ದಿನದೊಳಗೆ ಟಿಕೆಟ್ ಒಪ್ಪಿಸಬೇಕು, ತಡವಾದರೆ ಕಾರಣ ಬರೆದುಕೊಟ್ಟು ಇನ್ನಷ್ಟು ದಿನ ಪಡೆಯಬಹುದು ಎಂದು ನಿಯಮ ಓದಿ ತಿಳಿಸಿದವರೂ ಅವರೇ. ನಾನು ಒಪ್ಪಿದೆ.

ಆದರೆ ನಮ್ಮ ಊರಿನಲ್ಲಿ ಮಾಡುವಂತಿರಲಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ ಕೊಂಡವರ ಹೆಸರು ಅಚ್ಚಾಗುತ್ತದೆ. ಅದನ್ನು ಕೊಡುವ ಸೊಸೈಟಿ ಕೌಂಟರಿನವನು ದಿನಕ್ಕೆ ಹತ್ತು ಸಲ ನನ್ನ ಮುಖ ನೋಡುತ್ತಾನೆ. ಕಂಪ್ಯೂಟರಿನಲ್ಲಿ ಫೈಲ್ ಉಳಿಯುತ್ತದೆ, ಕರೆಂಟ್ ಹೋದರೆ ಪಕ್ಕದವನು ಬಂದು ಅದೇ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾನೆ. ನೋಟರಿ ರಿಜಿಸ್ಟರು ಮೇಜಿನ ಮೇಲೇ ಬಿದ್ದಿರುತ್ತದೆ, ಯಾರು ಬೇಕಾದರೂ ತಿರುವುತ್ತಾರೆ. ಬೇರೆಯವರ ಗುಟ್ಟುಗಳೆಲ್ಲ ನಮ್ಮ ಬೀದಿಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿದ್ದವು ಎಂದು ನಾನು ಗಮನಿಸಿಯೇ ಇರಲಿಲ್ಲ. ಹಾಗಾಗಿ ಪಕ್ಕದ ತಾಲ್ಲೂಕಿಗೆ ಬಸ್ ಹತ್ತಿದೆ.

ಅಲ್ಲಿಯೂ ಅದೇ ಬೀದಿ. ಅದೇ ನೀಲಿ ಟಾರ್ಪಾಲು. ಒಬ್ಬ ವಯಸ್ಸಾದ ಟೈಪಿಸ್ಟರ ಮುಂದಿನ ಸ್ಟೂಲಿನ ಮೇಲೆ ಕೂತೆ. ಗಿರಾಕಿಯ ಸ್ಟೂಲಿನ ಮೇಲೆ ನಾನು ಕೂತಿದ್ದು ಅದೇ ಮೊದಲು. ಅದು ಎಷ್ಟು ಗಿಡ್ಡ ಎಂದು ಆಗ ತಿಳಿಯಿತು, ಮೇಜು ಎದೆಯ ಮಟ್ಟಕ್ಕೆ ಬರುತ್ತದೆ. ಲಾಟರಿಯ ಮಾತನ್ನು ಆಮೇಲೆ ಹೇಳೋಣ ಎಂದು, ಕೇರಳಕ್ಕೆ ಪ್ರಯಾಣ ಮಾಡಿದ ಬಗ್ಗೆ ಅಫಿಡವಿಟ್ ಬೇಕು ಎಂದೆ. ಅವರು ಟೈಪ್ ಮಾಡುತ್ತಾ ಹೋದರು.

"ಎಡಗಡೆ ಸ್ವಲ್ಪ ಜಾಗ ಬಿಡಿ ಸಾರ್, ಫೈಲಿಗೆ ತೂತು ಹಾಕಿದ್ರೆ ಅಕ್ಷರ ಹೋಗುತ್ತೆ" ಎಂದು ಬಾಯಿ ತಪ್ಪಿ ಬಂತು.

ಅವರು ನನ್ನ ಬೆರಳು ನೋಡಿದರು. "ನೀವೂ ಇದೇ ಕೆಲ್ಸನಾ?"

"ಮುಂಚೆ ಮಾಡ್ತಿದ್ದೆ."

"ಸರಿ. ಯಾವತ್ತು ಹೋಗಿದ್ರಿ?"

ಅವಳು ಕೇರಳಕ್ಕೆ ಹೋದ ತಾರೀಕು ಹೇಳಿದೆ.

"ಯಾವ ಬಸ್ಸು?"

ಬಸ್ಸಿನ ಬಣ್ಣ ಹೇಳಿದೆ. ಅವಳನ್ನು ಹತ್ತಿಸಲು ಹೋದಾಗ ನೋಡಿದ್ದೆ.

"ಜೊತೇಲಿ ಯಾರಿದ್ರು?"

"ಹೆಂಡ್ತಿ."

"ಅವರ ಹೆಸರೂ ಹಾಕ್ತೀನಿ ಇರಿ, ಒಳ್ಳೇದು. ಇದ್ದಾರಾ?"

ನಾನೂ ಹೀಗೇ ಕೇಳುವವನು. ಯಾರದೇ ಹೆಸರು ಬಂದರೂ, ಕೀಬೋರ್ಡಿನಿಂದ ಕಣ್ಣೆತ್ತದೆ, ಇದ್ದಾರಾ ಎಂದು ಕೇಳುತ್ತೇವೆ. ಇಲ್ಲ ಎಂದರೆ ಹೆಸರಿನ ಮುಂದೆ ಲೇಟ್ ಎಂದು ಸೇರಿಸಬೇಕಲ್ಲ. ಎಷ್ಟು ಸಾವಿರ ಜನರನ್ನು ಕೇಳಿದ್ದೇನೋ. ಆ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡರೆ ಅದು ಬೇರೆ ಥರ ಇರುತ್ತದೆ.

ಪರದೆಯ ಮೇಲೆ ಆಗಲೇ ಬಂದಿದ್ದ ಸಾಲು ಓದಿದೆ: ನಾನು ಸದರಿ ದಿನಾಂಕದಂದು ದೇವಿಯ ದರ್ಶನಕ್ಕೆ ತೆರಳಿದ್ದು. ಅವಳು ಮದುವೆಯಾದ ಮೇಲೆ ನಾನಿಲ್ಲದೆ ಹೋಗಿದ್ದು ಅದೊಂದೇ ಪ್ರಯಾಣ. ಬಂದು ನಾಲ್ಕು ದಿನ ಅದನ್ನೇ ಹೇಳಿದಳು. ಸಮುದ್ರ ನೋಡಿದ್ದು, ಬಸ್ಸಿನಲ್ಲಿ ಯಾರೋ ವಾಂತಿ ಮಾಡಿಕೊಂಡಿದ್ದು, ಕೆಂಪಕ್ಕಿ ಅನ್ನ ಗಂಟಲಲ್ಲಿ ಇಳಿಯದೆ ಹೋಗಿದ್ದು. ನಾನು ಅರ್ಧ ಕೇಳಿಸಿಕೊಂಡೆ. ಈಗ ಆ ಪ್ರಯಾಣವನ್ನೂ ನನ್ನ ಹೆಸರಿಗೆ ಮಾಡಿಕೊಳ್ಳುತ್ತಿದ್ದೇನೆ ಅನ್ನಿಸಿತು.

"ಬೇಡ ಸಾರ್, ನಿಲ್ಸಿ" ಎಂದೆ. ಅರ್ಧ ಪುಟದ ಟೈಪಿಂಗಿಗೆ ದುಡ್ಡು ಕೊಟ್ಟೆ. ಅವರು ಬೇಡ ಎಂದರೂ ಕೊಟ್ಟೆ. ಅಲ್ಲೇ ಕೊಂಡಿದ್ದ ಇ-ಸ್ಟಾಂಪ್ ಕಾಗದ ವ್ಯರ್ಥವಾಯಿತು.

ಮಗಳು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ, ಅಲ್ಲೇ ಪಿ.ಜಿ.ಯಲ್ಲಿ ಇರುತ್ತಾಳೆ. ಭಾನುವಾರ ಬಂದಾಗ ಹೇಳಿದೆ. ಅವಳು ಟಿಕೆಟ್ ನೋಡದೆ ಮೊದಲು ಕವರಿನ ಮೂಲೆಗೆ ಜಾರಿದ್ದ ಕುಂಕುಮ ನೋಡಿದಳು.

"ಇದನ್ನ ಅಮ್ಮ ದುಡ್ಡು ಕೊಟ್ಟು ತಗೊಂಡ್ಲಾ? ನಂಬಕ್ಕಾಗಲ್ಲ. ಒಂದು ಮೊಳ ಹೂವಿಗೆ ಚೌಕಾಸಿ ಮಾಡೋಳು."

"ಎಲ್ರೂ ತಗೊಂಡ್ರಂತೆ."

"ಅಪ್ಪಾ, ಫ್ಯಾಕ್ಟರೀಲಿ ಗೊತ್ತಾಗೋದು ಬೇಡ. ಅಮ್ಮ ಹೋದಾಗ ನನ್ ಲೈನಿನೋರು ಸರದಿ ಹಾಕ್ಕೊಂಡು ನನ್ ಕೆಲ್ಸ ಮಾಡಿದ್ರು. ಇದು ಗೊತ್ತಾದ್ರೆ ಆಮೇಲೆ ನನ್ ಜೊತೆ ಹೆಂಗೆ ಮಾತಾಡ್ತಾರೋ."

ನಿಜದ ದಾರಿಯಲ್ಲೇ ಹೋಗೋಣ, ಆದರೆ ಸದ್ದಿಲ್ಲದೆ ಎಂದು ಇಬ್ಬರೂ ಒಪ್ಪಿದೆವು. ಅದು ಆಗುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಕುಟುಂಬ ಸದಸ್ಯರ ದೃಢೀಕರಣಕ್ಕೆ ನನ್ನ ಅರ್ಜಿಯನ್ನು ನಾನೇ ಟೈಪ್ ಮಾಡಿದೆ. ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ನಮ್ಮಿಬ್ಬರ ಆಧಾರ್ ಪ್ರತಿ. ಅವಳ ಹೆಸರು, ಕೋಂ, ನನ್ನ ಹೆಸರು. ಅವಳ ಹೆಸರಿನ ಮುಂದೆ ಲೇಟ್ ಸೇರಿಸಿದೆ. ಉದ್ದೇಶ ಎಂಬಲ್ಲಿ "ಬ್ಯಾಂಕ್ ವ್ಯವಹಾರಕ್ಕೆ" ಎಂದು ಹಾಕಿದೆ. ಎಲ್ಲರಿಗೂ ಅದನ್ನೇ ಹಾಕುವುದು, ಸುಳ್ಳೂ ಅಲ್ಲ. ಹೆಂಡತಿ ಸತ್ತವನು ಇಂಥ ಅರ್ಜಿ ಹಾಕಿದರೆ ಯಾರಿಗೂ ಆಶ್ಚರ್ಯವಿಲ್ಲ ಎಂಬುದು ನನಗೆ ಅನುಕೂಲವಾಯಿತು. ಹಾಗೆ ಅನುಕೂಲವಾಯಿತಲ್ಲ ಎಂದು ಬೇಜಾರೂ ಆಯಿತು.

ಗ್ರಾಮ ಆಡಳಿತಾಧಿಕಾರಿ ಒಂದು ವಾರ ಬಿಟ್ಟು ಮನೆ ಹತ್ತಿರ ಬಂದರು, ಚಿಕ್ಕ ವಯಸ್ಸಿನ ಹುಡುಗಿ. ಪಕ್ಕದ ಮನೆಯವರು, ಎದುರು ಮನೆಯವರು ಮಹಜರಿಗೆ ಸಹಿ ಹಾಕಿದರು. ಎದುರು ಮನೆಯವರು ಪೆನ್ನು ಕೈಯಲ್ಲಿ ಹಿಡಿದೇ ಕೇಳಿದರು: "ಏನ್ ಸಾರ್, ಇನ್ಶೂರೆನ್ಸ್ ಏನಾದ್ರೂ ಇತ್ತಾ?"

"ಸಣ್ಣದೊಂದು."

"ಬರ್ಲಿ ಬಿಡಿ. ಅಷ್ಟಾದ್ರೂ ಬರ್ಲಿ" ಎಂದು ಸಹಿ ಹಾಕಿದರು. ಅವರ ದನಿಯಲ್ಲಿ ಮರುಕ ಇತ್ತು. ಅದನ್ನು ಇಟ್ಟುಕೊಳ್ಳಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ.

ಪತ್ರ ಕೈಗೆ ಬರುವ ಹೊತ್ತಿಗೆ ಮೂವತ್ತು ದಿನ ಮುಗಿದಿತ್ತು. ವಕೀಲರು ತಡವಾದ ಕಾರಣವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕೀಬೋರ್ಡಿನ ಧೂಳು ತೆಗೆಯುವ ಮೆತ್ತನೆಯ ಬ್ರಷ್ಷಿನಿಂದ ಟಿಕೆಟ್ಟಿನ ಮೇಲಿನ ಕುಂಕುಮವನ್ನು ಒಂದು ಬಟ್ಟಲಿಗೆ ಉದುರಿಸಿದೆ. ಪುಡಿ ಹೋಯಿತು, ಕಲೆ ಹೋಗಲಿಲ್ಲ. ಮಡಿಕೆ ಬಿದ್ದ ಕಡೆ ಬಣ್ಣ ನಾರಿಗೆ ಇಳಿದಿತ್ತು. ಬಾರ್‌ಕೋಡಿನ ಮೇಲೂ ಒಂದು ಗೆರೆ. ನೀರು ಮುಟ್ಟಿಸಬೇಡ ಎಂದು ಮಗಳು ಎರಡು ಸಲ ಹೇಳಿದಳು.

ಇಬ್ಬರೂ ಕೇರಳಕ್ಕೆ ಹೋದೆವು. ಲಾಟರಿ ಕಚೇರಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಮಾತಾಡಿದ ಅಧಿಕಾರಿ ಒಬ್ಬ ಹೆಂಗಸು. ಇಂಗ್ಲಿಷನ್ನು ನಿಧಾನವಾಗಿ ಮಾತಾಡಿದರು, ಮಗಳು ಉತ್ತರ ಹೇಳಿದಳು. ಟಿಕೆಟ್ಟನ್ನು ದೀಪದ ಕೆಳಗೆ ಹಿಡಿದು, ಯಂತ್ರಕ್ಕೆ ಮೂರು ಸಲ ತೋರಿಸಿದರು. ಮೂರನೆಯದಕ್ಕೆ ಅದು ಸದ್ದು ಮಾಡಿತು. ಕಲೆ ಏನು ಎಂದು ಕೇಳಿದರು. ಮಗಳು ಹೇಳಿದಳು. ಅವರು ಆ ದೇವಿಯ ಹೆಸರು ಹೇಳಿ, ಅಲ್ಲಿಯದೇ ಎಂದು ಕೇಳಿದರು. ಹೌದು ಎಂದಾಗ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

ಆಮೇಲೆ ಹೊಸ ಸಮಸ್ಯೆ ಹೇಳಿದರು. ನೀವು ವಾರಸುದಾರರು ಎಂಬುದಕ್ಕೆ ಕಾಗದ ಇದೆ. ಆದರೆ ಟಿಕೆಟ್ ತೀರಿಕೊಂಡವರದ್ದೇ ಎಂಬುದಕ್ಕೆ ಏನಿದೆ? ಹಿಂದೆ ಹೆಸರಿಲ್ಲ, ನೀವಿಬ್ಬರೂ ಇಲ್ಲಿಗೆ ಬಂದಿರಲಿಲ್ಲ. ಅವರು ಕೊಂಡದ್ದನ್ನು ಕಂಡವರು ಒಬ್ಬರು ಪ್ರಮಾಣ ಮಾಡಿ ಬರೆದುಕೊಡಬೇಕು.

ಜೊತೆಗೆ ಇನ್ನೊಂದು ಹಾಳೆ ಕೊಟ್ಟರು. ಹೆಸರು ಪ್ರಕಟಿಸುವುದು ಬೇಡವಾದರೆ ಅದನ್ನು ಬರೆದು ಸಹಿ ಮಾಡಬಹುದು. ನಾನು ಬೇಗ ಪೆನ್ನು ತೆಗೆದೆ. ಅವರು ಮಗಳಿಗೆ ಏನೋ ಕೇಳಿದರು. ಮಗಳು ನನ್ನ ಕಡೆ ತಿರುಗಿದಳು.

"ಯಾರ ಹೆಸರು ಅಂತ ಕೇಳ್ತಿದ್ದಾರೆ ಅಪ್ಪ. ನಮ್ಮದಾ, ಅಮ್ಮಂದಾ?"

"ಎಲ್ರದೂ" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ.

ಕಂಡವರು ಎಂದರೆ ಹೂವಿನ ಅಕ್ಕ. ಟಿಕೆಟ್ ಕೊಳ್ಳುವಾಗ ಹೆಂಡತಿಯ ಮುಂದೆಯೇ ನಿಂತಿದ್ದವರು ಅವರೇ ಎಂದು ಅವರೇ ನೂರು ಸಲ ಹೇಳಿದ್ದರು. ಇಡೀ ಬೀದಿಯಲ್ಲಿ ಯಾರಿಗೆ ಗೊತ್ತಾಗಬಾರದು ಎಂದು ನಾನು ಒದ್ದಾಡುತ್ತಿದ್ದೆನೋ ಅವರ ಬಾಯಿಂದಲೇ ಪ್ರಮಾಣ ಬೇಕಾಗಿತ್ತು. ವಾಪಸ್ ಬರುವ ದಾರಿಯುದ್ದಕ್ಕೂ ಬೇರೆ ಯಾರಾದರೂ ಇದ್ದಾರೆಯೇ ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು. ಟೈಲರಮ್ಮ ಹಿಂದಿನ ಸಾಲಿನಲ್ಲಿದ್ದಳಂತೆ, ಅವಳಿಗೆ ಕಂಡಿರಲಾರದು. ಇಲ್ಲದ್ದನ್ನು ಬರೆದುಕೊಡಿ ಎಂದು ಯಾರನ್ನೂ ಕೇಳುವಂತಿಲ್ಲ. ಅದನ್ನು ಆಗಲೇ ಬಿಟ್ಟಿದ್ದೆವು.

ಮಧ್ಯಾಹ್ನ ಹೂವಿನ ವ್ಯಾಪಾರ ಕಡಿಮೆ. ಅಕ್ಕ ಒದ್ದೆ ಗೋಣಿ ಹೊದಿಸಿ, ಬುಟ್ಟಿಯ ಪಕ್ಕ ಕಾಲು ಚಾಚಿ ಕೂತಿದ್ದರು. ನಾನು ಹೋಗಿ ಎದುರು ಕುಕ್ಕರುಗಾಲಲ್ಲಿ ಕೂತೆ.

"ಏನಪ್ಪಾ ಟೈಪಿಸ್ಟು, ಇವತ್ತು ಸರ್ಕಾರಕ್ಕೆ ರಜಾನಾ?"

"ಅಕ್ಕ, ಆ ನಂಬರು ಸಿಕ್ತು."

"ಯಾರ ಹತ್ರ ಇತ್ತು? ಟೈಲರಮ್ಮನ ಹತ್ರ ತಾನೆ? ನಾನು ಹೇಳ್ಲಿಲ್ವಾ?"

"ನಮ್ಮನೇಲಿ. ಅವಳು ಕುಂಕುಮ ಕಟ್ಕೊಂಡು ಬಂದಿದ್ಲು ಅದ್ರಲ್ಲಿ."

ಅಕ್ಕ ಕಟ್ಟುತ್ತಿದ್ದ ಕನಕಾಂಬರದ ಎಳೆ ಬೆರಳಿಗೆ ಹಾಗೇ ಸುತ್ತಿಕೊಂಡಿತ್ತು.

"ಕೊನೇಲಿ ಎಂಟು ಇರೋದು" ಎಂದರು ಕೊನೆಗೆ.

"ಹೌದು."

"ಅದು ನಂಗೆ ಬಂದಿತ್ತು ಕಣಪ್ಪ."

ನಡೆದದ್ದು ಇಷ್ಟು. ಮಾರುವವನು ಒಂದೊಂದೇ ಹರಿದು ಕೊಡುತ್ತಿದ್ದ. ಅಕ್ಕನ ಕೈಗೆ ಎಂಟಕ್ಕೆ ಮುಗಿಯುವ ಟಿಕೆಟ್ ಬಂತು. ಅಕ್ಕನಿಗೆ ಎಂಟು ಎಂದರೆ ಶನಿ. ಮನೆ ನಂಬರು ಎಂಟು ಎಂದು ಬಾಡಿಗೆ ಮನೆ ಬಿಟ್ಟವರು, ಫೋನ್ ನಂಬರಿನಲ್ಲಿ ಎಂಟು ಬೇಡ ಎಂದು ಎರಡು ಅಂಗಡಿ ಅಲೆದವರು. ಬೇಡ ಎಂದರು. ಹಿಂದೆ ನಿಂತಿದ್ದ ನನ್ನ ಹೆಂಡತಿ, "ಕೊಡಿ ಅಕ್ಕ, ನಂಗೇನೂ ಆಗಲ್ಲ" ಎಂದು ಅದನ್ನು ಇಸಿದುಕೊಂಡು ತನಗೆ ಬರಬೇಕಾಗಿದ್ದ ಒಂಬತ್ತನ್ನು ಅಕ್ಕನಿಗೆ ಬಿಟ್ಟುಕೊಟ್ಟಳು.

"ನಂಬರು ಕೇಳಿದ್ ದಿನಾನೇ ಗೊತ್ತಾಯ್ತು ನಂಗೆ, ಅದು ಅವಳ ಟಿಕೆಟ್ಟು ಅಂತ. ಅದಕ್ಕೇ ಹುಡುಕು ಅಂದಿದ್ದು ನಿಂಗೆ. ನೀನು ಇಲ್ಲ ಅಂದೆ. ಸದ್ಯ, ಕಳ್ದೋಯ್ತು ಅಂತ ಒಂದ್ ಕಡೆ ಸಮಾಧಾನ ಆಯ್ತು ನೋಡು. ಸುಳ್ಳ್ಯಾಕೆ ಹೇಳ್ಲಿ. ಮತ್ತೆ ಇನ್ನೊಂದ್ ಕಡೆ ನಿದ್ದೆ ಇಲ್ಲ. ನಾನು ಎಂಟು ಬೇಡ ಅಂತ ಅವಳಿಗೆ ಕೊಟ್ನಲ್ಲ, ಶನೀನೂ ಅವಳಿಗೇ ಕೊಟ್ಬಿಟ್ನಾ ಅಂತ."

ಆಸ್ಪತ್ರೆಯವರು ಹೇಳಿದ್ದನ್ನು ಹೇಳಿದೆ. ಅವಳ ತಲೆಯಲ್ಲಿದ್ದ ಆ ನರ ಹುಟ್ಟಿನಿಂದಲೂ ಹಾಗೇ ಇದ್ದಿರಬಹುದಂತೆ. ಟಿಕೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ಎಷ್ಟು ನಂಬಿದ್ದೆ ಎಂದೂ ಹೇಳಲಾರೆ.

ಅವರು ಪ್ರಮಾಣ ಮಾಡಿ ಬರೆದುಕೊಡಬೇಕಾದ ವಿಷಯ ಹೇಳಿದೆ. ಅಕ್ಕನಿಗೆ ಓದು ಬರಹ ಬರುತ್ತದೆ, ನಿಧಾನ. ವಕೀಲರ ಒಳಕೋಣೆಯಲ್ಲಿ ನಾನು ಓದುತ್ತಾ ಹೋದೆ, ಅವರು ಒಂದೊಂದು ಸಾಲಿಗೂ ಹೂಂ ಎಂದರು. ಎಂಟರ ವಿಷಯ ಬಿಡೋಣವೇ ಎಂದು ವಕೀಲರು ಕೇಳಿದರು. "ಹಾಕಿ ಸ್ವಾಮಿ, ಅದೇ ಅಲ್ವಾ ಸಾಕ್ಷಿ? ಬೇರೆ ಯಾರಿಗೆ ನೆನಪಿರುತ್ತೆ ಯಾವ ನಂಬರು ಯಾರ್ ತಗೊಂಡ್ರು ಅಂತ?" ಎಂದರು. ಸಹಿ ಹಾಕಿ ಪೆನ್ನು ಕೆಳಗಿಟ್ಟ ಮೇಲೆ ನನ್ನ ಕಡೆ ತಿರುಗಿದರು.

"ಇದು ಎಲ್ಲೂ ಹೊರಗೆ ಹೋಗ್ಬಾರ್ದು ಕಣಪ್ಪ. ನಿಂಗಿಂತ ನಂಗೆ ಜಾಸ್ತಿ. ಬಂದ ಲಕ್ಷ್ಮೀನ ಎಂಟು ಅಂತ ತಳ್ಳಿದೋಳು ಅಂತ ಈ ಗೇಟಲ್ಲಿ ಹೋಗೋ ಬರೋರೆಲ್ಲ ನಗ್ತಾರೆ."

"ಹೇಳಲ್ಲ ಅಕ್ಕ. ನೀವೂ..."

"ನಾನಾ? ನಾನು ಸುಮ್ನಾದ್ರೆ ತಾನೇ ಜನಕ್ಕೆ ಅನುಮಾನ ಬರೋದು? ನಾನು ಕೂಗಾಡ್ತಾನೇ ಇರ್ಬೇಕು."

ಹಾಗೇ ಮಾಡಿದರು. ಮಾರನೇ ದಿನದಿಂದ ಅವರ ಗಲಾಟೆ ಇನ್ನೂ ಜೋರಾಯಿತು. ಟೈಲರಮ್ಮನ ಮೇಲೆ ರೇಗಿದರು. ಬಸ್ಸಿನ ಡ್ರೈವರ್ ಮೇಲೆ ಅನುಮಾನಪಟ್ಟರು. ಒಂದು ಸಂಜೆ ನನ್ನ ಮೇಜಿನ ಮುಂದೆ ನಿಂತು, "ನಿಮ್ಮನೇಲಿ ಸರಿಯಾಗಿ ಹುಡುಕಿದ್ಯೇನಪ್ಪಾ ನೀನು? ಗಂಡಸರು ಹುಡುಕೋದು ಗೊತ್ತಿಲ್ವಾ, ಕಣ್ಮುಂದೆ ಇದ್ರೂ ಕಾಣಲ್ಲ" ಎಂದು ಎಲ್ಲರ ಎದುರು ಬೈದರು. ಪಕ್ಕದವರು, ಪಾಪ ಹೆಂಡತಿ ಸತ್ತವನನ್ನು ಯಾಕಮ್ಮ ಅಂತೀಯ ಎಂದು ಅವರನ್ನೇ ಗದರಿದರು. ಅದಾದ ಮೇಲೆ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಎರಡನೇ ಸಲ ಮಗಳೊಬ್ಬಳೇ ಕಾಗದ ಒಪ್ಪಿಸಿ ಬಂದಳು. ತೆರಿಗೆ ಕಳೆದು ಉಳಿದದ್ದು ಬೆಂಗಳೂರಿನ ಒಂದು ಶಾಖೆಯಲ್ಲಿ ನಮ್ಮಿಬ್ಬರ ಹೆಸರಿನ ಖಾತೆಗೆ ಬಂತು. ಅದರ ಬಗ್ಗೆ ಬರೆಯಲು ನನಗೆ ಇನ್ನೂ ಏನೂ ತೋಚಿಲ್ಲ. ಅಕ್ಕನಿಗೆ ಒಂದು ಪಾಲು ಎಂದು ನಾವು ಮಾತಾಡಿಕೊಂಡೆವು, ಅವರು ಒಪ್ಪಲಿಲ್ಲ. "ಕೊಟ್ರೆ ಎಲ್ಲಿಂದ ಬಂತು ಅಂತಾರೆ. ಸ್ವಲ್ಪ ದಿನ ಹೋಗ್ಲಿ" ಎಂದರು. ನಾನು ಮೇಜಿಗೆ ಬರುವುದನ್ನು ಬಿಡಲಿಲ್ಲ. ಬಿಟ್ಟರೆ ಗೊತ್ತಾಗುತ್ತದೆ ಎಂದು ಬಿಡಲಿಲ್ಲವೋ, ಬೇರೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಿಡಲಿಲ್ಲವೋ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದಾಗ ಸಂಘದ ನಾಲ್ಕೈದು ಹೆಂಗಸರು ಅಕ್ಕನನ್ನು ಮುಂದೆ ಮಾಡಿಕೊಂಡು ಬಂದರು. ಟೈಲರಮ್ಮನೇ ಹೊರಡಿಸಿದ್ದಂತೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಗೆದ್ದವರು ಯಾರು ಎಂದು ಲಾಟರಿ ಕಚೇರಿಯನ್ನೇ ಕೇಳಬೇಕು, ತನ್ನ ಮೇಲಿನ ಅಪವಾದ ತೀರಬೇಕು.

"ನನ್ನ ಕಳ್ಳಿ ಥರ ನೋಡ್ತಾರೆ ಅಣ್ಣ. ಸೀರೆ ಫಾಲ್ಸ್ ಹಚ್ಚಿಸೋಕೆ ಬಂದೋರೂ ಕೇಳ್ತಾರೆ" ಎಂದಳು.

ಅಕ್ಕ ನನ್ನ ಮುಖ ನೋಡಲಿಲ್ಲ. "ಟೈಪ್ ಮಾಡಪ್ಪ. ಚೆನ್ನಾಗಿ ಮಾಡು" ಎಂದರು.

ಇಂಗ್ಲಿಷಿನಲ್ಲಿ ಮಾಡಿದೆ. ವಿಳಾಸ ನನಗೆ ಬಾಯಿಪಾಠ. ಪಿನ್‌ಕೋಡಿನಲ್ಲಿ ಒಂದು ಅಂಕಿ ತಪ್ಪಿಸಿದ್ದರೆ ಅದು ಎಲ್ಲೋ ಅಲೆದು ವಾಪಸ್ ಬರುತ್ತಿತ್ತು. ಆ ಅಂಕಿಯ ಮೇಲೆ ಬೆರಳು ನಿಂತದ್ದೂ ನಿಜ. ಸರಿಯಾಗಿಯೇ ಒತ್ತಿದೆ. ಟೈಲರಮ್ಮ ಪಕ್ಕದಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದಳು, ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರನ್ನು ಹೇಗೆ ತರಬೇಕೆಂದು ಹೇಳಿ, ರಿಜಿಸ್ಟರ್ಡ್ ಅಂಚೆಗೆ ಕೊಡಲು ಕವರಿನ ಮೇಲೂ ನಾನೇ ಬರೆದುಕೊಟ್ಟೆ.

ಉತ್ತರ ಒಂದು ತಿಂಗಳ ಒಳಗೇ ಬಂತು. ಎಲ್ಲರೂ ಒಟ್ಟಾಗಿ ಬಂದರು, ನನ್ನ ಕೈಯಲ್ಲೇ ಒಡೆಸಿದರು. ಒಂದೇ ಹಾಳೆ. ನಾನು ಮೊದಲು ಮನಸ್ಸಿನಲ್ಲಿ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ.

"ಬಹುಮಾನವನ್ನು ನಿಯಮದ ಪ್ರಕಾರ ಕೊಟ್ಟಾಗಿದೆಯಂತೆ. ಗೆದ್ದವರ ಕೋರಿಕೆಯಂತೆ ಅವರ ಹೆಸರು, ವಿಳಾಸ ಕೊಡಲು ಬರುವುದಿಲ್ಲವಂತೆ."

"ಅಷ್ಟೇನಾ?"

"ಅಷ್ಟೇ. ಆದ್ರೆ ನಿಮ್ಮ ವಿಷಯಕ್ಕೆ ಇದು ಸಾಕಮ್ಮ. ಯಾರೋ ತಗೊಂಡಾಗಿದೆ. ನೀವು ಮತ್ತೆ ಆ ಕಡೆ ಹೋಗೇ ಇಲ್ಲ ಅಂತ ಬೀದಿಗೆಲ್ಲ ಗೊತ್ತು."

ಟೈಲರಮ್ಮ ಹಾಳೆಯನ್ನು ಇಸಿದುಕೊಂಡು ಮಡಚಿದಳು. "ಅದೆಂಥಾ ಜನ ಇರ್ತಾರೋ. ಗೆದ್ದೂ ಬಾಯ್ ಬಿಡದೆ ಕೂತಿರೋದು. ನಮ್ಮ ಬಸ್ಸಲ್ಲಿ ಅಂಥಾ ಒಬ್ಬಳನ್ನೂ ನಾನು ನೋಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮನೆಯವರಾಗಿದ್ರೆ ಅಣ್ಣ, ಬಸ್ಸಿಗೆಲ್ಲಾ ಫೋನ್ ಮಾಡಿರೋರು. ಅವತ್ತು ಸಮುದ್ರದ ಹತ್ರ ಒಂದು ಶಂಖದ ಚೂರು ಸಿಕ್ಕಿದ್ದಕ್ಕೇ ನಲವತ್ತು ಜನಕ್ಕೂ ತೋರ್ಸಿದ್ರು. ಡ್ರೈವರ್ ಮಲಗಿದ್ದ, ಅವನನ್ನೂ ಎಬ್ಬಿಸಿ ತೋರ್ಸಿದ್ರು."

ಹೆಂಗಸರು ನಕ್ಕರು. ಅಕ್ಕನೂ ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹೌದು" ಎಂದೆ. "ಹೇಳಿರೋಳು."

ಅವರು ಹೋದರು. ಶಂಖದ ಚೂರಿನ ವಿಷಯ ಅವಳು ನನಗೆ ಹೇಳಿದ್ದಳೋ, ನಾನು ಕೇಳಿಸಿಕೊಳ್ಳದೆ ಹೋದೆನೋ. ಆ ಕಚೇರಿಯ ಹಾಳೆಯಲ್ಲಿ ನನ್ನ ಹೆಸರಿನ ಜೊತೆ ಅವಳದನ್ನೂ ಮುಚ್ಚಿಡಿ ಎಂದು ಬರೆದವನು ನಾನು. ಗೆದ್ದವರ ಕೋರಿಕೆ ಎಂದು ಉತ್ತರದಲ್ಲಿದೆ. ಗೆದ್ದವಳನ್ನು ಯಾರೂ ಕೇಳಿರಲಿಲ್ಲ.

ಸ್ಟೂಲಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು ಬಂದು ಕೂತಿದ್ದರು. ವಿಧವಾ ವೇತನದ ಅರ್ಜಿ. ನಾನು ಹೊಸ ಹಾಳೆ ತೆರೆದು, ಅವರ ಹೆಸರು ಕೇಳಿ ಹಾಕಿದೆ. ಮುಂದಿನದು ಗಂಡನ ಹೆಸರು.

ಅವರು ಗಂಡನ ಹೆಸರು ಬಾಯಲ್ಲಿ ಹೇಳಲಾಗದೆ ಆಧಾರ್ ಕಾರ್ಡು ಮುಂದೆ ಹಿಡಿದರು. ಕಾರ್ಡು ನೋಡಿ ಹಾಕಿಬಿಡಬಹುದಿತ್ತು. ನಾನು ಕೀಬೋರ್ಡಿನಿಂದ ಕೈ ತೆಗೆದೆ. "ನಿಧಾನಕ್ಕೆ ಹೇಳಿ ಅಮ್ಮ. ಕಾಯ್ತೀನಿ" ಎಂದೆ.